ಬಾಗೂರಿನ ದೊಡ್ಡವ್ವನಿಗಾಗಿ ಓದಿದ ಪ್ರಾರ್ಥನೆ

ನಮ್ಮ ಅವ್ವ ಯಾರ ಮನೆಗೆ ಹೋದರೂ ಆ ಮನೆಯವರು ಮೊದಲು ಅವಳ ಕೈ ನೋಡುತ್ತಿದ್ದರು. ಕೈಯಲ್ಲಿ ಖಾಕಿ ಬಟ್ಟೆಯ ಚೀಲ ಇಲ್ಲದಿದ್ದರೆ ಕಾಫಿಗೆ ನೀರಿಡುತ್ತಿದ್ದರು. ಇದ್ದರೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗುತ್ತಿದ್ದರು.

ಆ ಚೀಲದಲ್ಲಿ ಭಾರಿ ವಸ್ತುಗಳೇನೂ ಇರಲಿಲ್ಲ. ಚರ್ಚಿನಲ್ಲಿ ಮಂತ್ರಿಸಿಕೊಟ್ಟ ಒಂದು ದಪ್ಪ ಮೇಣದಬತ್ತಿ, ಬೆಂಕಿಪೊಟ್ಟಣ, ಅಂಗೈಯಗಲದ ಮರದ ಶಿಲುಬೆ, ಕೆಮ್ಮಿನ ಔಷಧಿಯ ಹಳೇ ಸೀಸೆಯಲ್ಲಿ ತೀರ್ಥ, ಕ್ಯಾಲೆಂಡರ್ ಹಾಳೆಯಲ್ಲಿ ರಟ್ಟು ಹಾಕಿದ ಒಂದು ನೋಟ್‌ಬುಕ್ಕು. ಸೀಸೆ ನಾನು ಕೊಟ್ಟದ್ದು. ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಸ್ಟೋರಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ, ಸೀಸೆಗಳಿಗೇನು ಬರವಿಲ್ಲ.

ನಮ್ಮ ಕಡೆ ಕ್ರೈಸ್ತರ ಮನೆಗಳು ಅಲ್ಲೊಂದು ಇಲ್ಲೊಂದು. ಹಾಸನದ ಸುತ್ತ ಒಂದಷ್ಟು, ಅವ್ವ ಹುಟ್ಟಿದ ಶೆಟ್ಟಿಹಳ್ಳಿ ಕಡೆ ಒಂದಷ್ಟು, ಅರಕಲಗೂಡಿನಲ್ಲಿ ಕೆಲವು, ಚನ್ನರಾಯಪಟ್ಟಣದಿಂದಾಚೆ ಬೆರಳೆಣಿಕೆ. ಯಾರಾದರೂ ಕಡೇ ಸ್ಥಿತಿಗೆ ಬಂದರೆ ಫಾದರ್ ಬಂದು ಪಾಪನಿವೇದನೆ ಕೇಳಿ, ಹಣೆಗೂ ಅಂಗೈಗೂ ಎಣ್ಣೆ ಹಚ್ಚಿ, ಪ್ರಸಾದ ಕೊಟ್ಟು ಮುಂದಿನ ಊರಿಗೆ ಹೋಗುತ್ತಾರೆ. ಆಮೇಲಿನ ಗಂಟೆಗಳು ಅವ್ವನವು. ಅವಳು ಮಂಚದ ಪಕ್ಕ ಕೂತು, ಬತ್ತಿ ಹಚ್ಚಿ, ಸಾಯುವವರ ಕೈ ಹಿಡಿದುಕೊಂಡು ನೋಟ್‌ಬುಕ್ಕಿನ ಪ್ರಾರ್ಥನೆ ಓದುತ್ತಿದ್ದಳು. ಹೊರಡುವ ಆತ್ಮಕ್ಕೆ ಹೆದರಬೇಡ ಎಂದು ಹೇಳುವ ಪ್ರಾರ್ಥನೆ ಅದು. ಪ್ರತಿ ಸಾಲಿನ ಕೊನೆಗೆ ಮಲಗಿರುವವರು ‘ಆಮೆನ್’ ಅನ್ನಬೇಕು. ಆಗದಿದ್ದರೆ ಮನೆಯವರು ಅನ್ನಬೇಕು.

ಒಂದು ಸಲ ಹಿರೀಸಾವೆಗೆ ಮದುವೆಗೆ ಹೋಗುವಾಗ ಅವಳ ಇನ್ನೊಂದು ಬ್ಯಾಗಿನ ಜಿಪ್ ಕಿತ್ತುಹೋಗಿತ್ತು. ಹುಡುಗಿಗೆ ಕೊಡಬೇಕಾದ ಸೀರೆಯನ್ನು ಖಾಕಿ ಚೀಲಕ್ಕೇ ತುರುಕಿಕೊಂಡು ಹೋದಳು. ಜಗಲಿಯ ಮಂಚದ ಮೇಲೆ ಮಲಗಿದ್ದ ಗಂಡಿನ ಅಜ್ಜಿ ಚೀಲ ನೋಡಿದ್ದೇ ಎದ್ದು ಕೂತು, ‘ನಾನೆಲ್ಲೂ ಓಗಕಿಲ್ಲ! ಯಾರ್ ಕರೆಸ್ದೋರು ಇವ್ಳ್ನ?’ ಎಂದು ಚಪ್ಪರವೇ ಅದುರುವಂತೆ ಕೂಗಿಕೊಂಡರು. ಅವ್ವ ಸೀರೆ ಹೊರಗೆ ತೆಗೆದು ತೋರಿಸುವ ತನಕ ಮುದುಕಿ ಸುಮ್ಮನಾಗಲಿಲ್ಲ. ಈ ಕತೆಯನ್ನು ಅವ್ವ ಹೇಳಿಕೊಂಡು ನಕ್ಕಷ್ಟು ಬೇರೆ ಯಾವುದಕ್ಕೂ ನಕ್ಕಿದ್ದು ನಾನು ನೋಡಿಲ್ಲ.

ಆದರೆ ಒಂದು ವಿಷಯದಲ್ಲಿ ಅವಳಿಗೆ ನಗು ಬರುತ್ತಿರಲಿಲ್ಲ. ಸಾಯುವವರಿಂದ ಸಾವನ್ನು ಮುಚ್ಚಿಡುವ ಮಕ್ಕಳನ್ನು ಕಂಡರೆ ಮೈ ಉರಿದುಹೋಗುತ್ತಿತ್ತು. ನನಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇದ್ದಾಗ ಅವಳ ಜೊತೆ ಅರಕಲಗೂಡಿನ ಒಂದು ಮನೆಗೆ ಹೋಗಿದ್ದೆ. ಮಗ ಬಾಗಿಲಿಗೆ ಅಡ್ಡ ನಿಂತು, ‘ಆಮೇಲ್ ಬನ್ನಿ ಅಮ್ಮಾ, ಅಪ್ಪ ಎದರ್ಕತಾರೆ’ ಎಂದ. ಅವ್ವ ಜಗಲಿಯ ಮೇಲೆ ಮಧ್ಯಾಹ್ನದ ತನಕ ಕೂತಳು. ಒಳಗಿನಿಂದ ಆ ಅಪ್ಪ ಎರಡು ಸಲ ‘ಯಾರ್ಲಾ ಬಂದಿರೋದು?’ ಎಂದು ಕೇಳಿದ್ದು ನಮಗೆ ಕೇಳಿಸಿತು. ‘ಯಾರೂ ಇಲ್ಲ, ಮಲಕ್ಕಪ್ಪಾ’ ಎಂದು ಮಗ ಹೇಳಿದ್ದೂ ಕೇಳಿಸಿತು. ಆ ಮನುಷ್ಯ ಅವತ್ತೇ ತೀರಿಕೊಂಡರು. ಫಾದರ್ ಬಂದಿರಲಿಲ್ಲ, ಬತ್ತಿ ಹಚ್ಚಿರಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಅವ್ವ ಕಿಟಕಿ ಕಡೆ ತಿರುಗಿ, ‘ಎದ್ರಿಕೆ ಅಪ್ಪಂಗಿರ್ಲಿಲ್ಲ ಕಣೆ. ಮಗಂಗಿತ್ತು’ ಎಂದಳು. ಆ ಮಗನನ್ನು ನಾನು ಮನಸ್ಸಿನಲ್ಲೇ ಹೇಡಿ ಎಂದು ಬೈದುಕೊಂಡೆ. ಮುಂದೆ ಎಷ್ಟೋ ವರ್ಷ ಅವನನ್ನು ಸಂತೆಯಲ್ಲಿ ಕಂಡರೂ ಮಾತಾಡಿಸಲಿಲ್ಲ.

ಇಷ್ಟೆಲ್ಲ ಗೊತ್ತಿದ್ದವಳು ನಾನು. ಆದ್ದರಿಂದ ನಾನು ಮಾಡಿದ್ದಕ್ಕೆ ತಿಳಿವಳಿಕೆ ಇರಲಿಲ್ಲ ಎಂಬ ನೆಪ ಇಲ್ಲ.

ಹೋದ ವರ್ಷ ಅವ್ವನಿಗೆ ಊಟ ಸೇರುವುದು ನಿಂತಿತು. ಹಾಸನದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, ಹೊಟ್ಟೆಯ ಗಡ್ಡೆ ಲಿವರಿಗೂ ಹರಡಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ, ಎರಡು ತಿಂಗಳು ಸಿಕ್ಕರೆ ಹೆಚ್ಚು ಎಂದರು. ನೋವಿಗೆ ಮಾತ್ರೆ ಬರೆದುಕೊಟ್ಟರು. ನಾನು ಹೊರಗೆ ಬಂದಾಗ ಅವ್ವ ಸಿಮೆಂಟ್ ಬೆಂಚಿನ ಮೇಲೆ ಕೂತು ಪಕ್ಕದಲ್ಲಿದ್ದ ಯಾರದೋ ಸೊಸೆಗೆ ಬಾಣಂತನದ ಪಥ್ಯ ಹೇಳುತ್ತಿದ್ದಳು.

‘ಏನಂದ್ರು?’ ಎಂದಳು.

‘ಅಲ್ಸರ್ ಕಣವ್ವಾ. ಖಾರ ಬಿಡ್ಬೇಕಂತೆ.’

ಯೋಚನೆ ಮಾಡಿ ಹೇಳಿದ ಸುಳ್ಳಲ್ಲ ಅದು. ಬಾಯಿ ತಾನೇ ಹೇಳಿಬಿಟ್ಟಿತು. ಅವ್ವ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದಳು.

‘ಖಾರ ತಾನೆ? ಬುಟ್ರಾಯ್ತು, ನಡಿ.’

ನಾನು ಮದುವೆಯಾದವಳಲ್ಲ. ಅಪ್ಪ ಹೋಗಿ ಬಹಳ ವರ್ಷವಾಯಿತು. ಒಬ್ಬ ತಮ್ಮ ಅರಕಲಗೂಡಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡು ಸಂಸಾರಸ್ಥನಾಗಿದ್ದಾನೆ. ನಲವತ್ತೆಂಟು ವರ್ಷ ನಾನು ಮಲಗಿ ಏಳುತ್ತಿದ್ದ ಮನೆಯಲ್ಲಿ ಕಡೆಗೆ ಉಳಿದದ್ದು ಅವ್ವ ಒಬ್ಬಳೇ. ಪ್ರತಿ ಭಾನುವಾರ ಚರ್ಚಿನಲ್ಲಿ ಎಲ್ಲರ ಜೊತೆ ಎದ್ದು ನಿಂತು, ಸತ್ತವರು ಏಳುತ್ತಾರೆ, ಬರುವ ಲೋಕದಲ್ಲಿ ಬದುಕಿದೆ ಎಂದು ನಂಬುತ್ತೇನೆ ಅಂತ ಗಟ್ಟಿಯಾಗಿ ಹೇಳುತ್ತಿದ್ದೆ. ಅದು ಸುಳ್ಳು ಎಂದು ಈಗಲೂ ಹೇಳುವುದಿಲ್ಲ. ಆದರೆ ಆ ಲೋಕದಲ್ಲಿ ಅವ್ವ ಇದ್ದು, ಈ ಲೋಕದ ಅಡಿಗೆಮನೆಯಲ್ಲಿ ನಾನೊಬ್ಬಳೇ ಇರುವುದನ್ನು ನೆನೆಯಲು ನನ್ನಿಂದಾಗುತ್ತಿರಲಿಲ್ಲ. ನಂಬಿಕೆ ನಾಲಗೆಯ ಮೇಲಿತ್ತು, ಭಯ ಹೊಟ್ಟೆಯಲ್ಲಿತ್ತು.

ತಮ್ಮನಿಗೆ ಫೋನಿನಲ್ಲಿ ನಿಜ ಹೇಳಿದೆ. ಅವನು ಸ್ವಲ್ಪ ಹೊತ್ತು ಅತ್ತು, ‘ಅವ್ವಂಗೆ ಏಳ್ಬುಡಕ್ಕಾ. ಊರೋರ್ಗೆಲ್ಲ ಏಳ್ದೋಳು ಅವ್ಳು. ಅವ್ಳ್ತಾವ ಮುಚ್ಚಿಡ್ತೀಯಾ?’ ಎಂದ. ನನಗೆ ಸಿಟ್ಟು ಬಂತು. ‘ದಿನಾ ನೋಡ್ಕಳೋಳು ನಾನು. ನೀನು ಅಲ್ಲಿಂದ ಬುದ್ಧಿ ಹೇಳ್ಬ್ಯಾಡ’ ಎಂದು ಫೋನ್ ಇಟ್ಟೆ. ಅವನು ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಬೇಕಿತ್ತು ಎಂದು ಈಗ ಅನ್ನಿಸುತ್ತದೆ; ತಪ್ಪನ್ನು ಸ್ವಲ್ಪವಾದರೂ ಹಂಚಿಕೊಳ್ಳಲು ಒಬ್ಬ ಸಿಗುತ್ತಿದ್ದ.

ಒಂದು ಸುಳ್ಳನ್ನು ಸಾಕುವುದು ಕಡಿಮೆ ಕೆಲಸವಲ್ಲ. ಆಸ್ಪತ್ರೆಯ ಫೈಲಿಗೆ ಸೀರೆ ಅಂಗಡಿಯ ಕವರ್ ಹಾಕಿದೆ. ನೋವಿನ ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ಗ್ಯಾಸ್ ಮಾತ್ರೆಯ ಡಬ್ಬಿಗೆ ತುಂಬಿದೆ. ಖಾಕಿ ಚೀಲವನ್ನು ಅಟ್ಟದ ಮೇಲೆ, ಹಳೇ ಹಾಸಿಗೆಯ ಹಿಂದೆ ತಳ್ಳಿದೆ. ಚರ್ಚಿನ ಹೆಂಗಸರಿಗೆ, ಗುಂಪಾಗಿ ಬರಬೇಡಿ, ಕೈಯಲ್ಲಿ ಜಪಸರ ಹಿಡಿದು ಬರಬೇಡಿ, ನಗುತ್ತಾ ಬನ್ನಿ ಎಂದು ಹೇಳಿಟ್ಟೆ. ಒಬ್ಬಾಕೆ ನನ್ನ ಮಾತನ್ನು ಎಷ್ಟು ಪಾಲಿಸಿದಳೆಂದರೆ ಬಾಗಿಲಿನಿಂದ ಮಂಚದ ತನಕ, ಮಂಚದಿಂದ ಬಾಗಿಲ ತನಕ ನಕ್ಕಳು. ಅವಳು ಹೋದಮೇಲೆ ಅವ್ವ, ‘ಯಾಕೆ, ಅವ್ಳ್ಗೇನಾರಾ ಆಗೈತಾ?’ ಎಂದು ಕೇಳಿದಳು.

ಫಾದರ್ ಎರಡು ಸಲ ಫೋನ್ ಮಾಡಿದರು. ‘ನಿಮ್ಮ ತಾಯಿಯವರನ್ನು ನೋಡಲು ಬರಲೇ ಅಮ್ಮಾ?’ ಎಂದು ಕೇಳಿದರು. ನೋಡಲು ಎಂದರೆ ಎಣ್ಣೆ, ಪಾಪನಿವೇದನೆ, ಪ್ರಸಾದ ಎಂದು ನನಗೆ ಗೊತ್ತಿತ್ತು. ‘ಈಗ ಸ್ವಲ್ಪ ಸುಧಾರಿಸ್ತಿದ್ದಾರೆ ಫಾದರ್, ನಾನೇ ಹೇಳ್ತೀನಿ’ ಎಂದೆ. ಆ ಎಣ್ಣೆ ಸಾಯುವವರಿಗೆ ಮಾತ್ರವಲ್ಲ, ಗುಣವಾಗಲೆಂದೂ ಹಚ್ಚುತ್ತಾರೆ ಎಂದು ಅವರು ಎಷ್ಟೋ ಸಲ ಚರ್ಚಿನ ಪ್ರವಚನದಲ್ಲಿ ಹೇಳಿದ್ದಾರೆ. ನಮ್ಮ ಜನರ ತಲೆಗೆ ಹೋಗಿಲ್ಲ. ಫಾದರ್ ಎಣ್ಣೆ ತಂದರೆ ಮುಗಿಯಿತು ಅಂತಲೇ ನಮ್ಮ ಲೆಕ್ಕ. ಆ ಮನುಷ್ಯ ಹೊಸಿಲು ದಾಟಿದರೆ ಸಾವೂ ಅವರ ಹಿಂದೆಯೇ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ ಎಂದು ನಾನೂ ಹೆದರಿದ್ದೆ.

ಹೀಗೆ ಒಂದು ತಿಂಗಳು ಕಳೆದಿತ್ತು. ಒಂದು ಸಂಜೆ ನಾನು ಅಂಗಡಿಯಿಂದ ಬಂದು ಗಂಜಿ ಕಲಸುತ್ತಿದ್ದಾಗ ಅವ್ವ ಮಲಗಿದ್ದಲ್ಲಿಂದಲೇ ಕೇಳಿದಳು.

‘ನನ್ ಚೀಲ ಎಲ್ಲಿಟ್ಟೆ?’

ನಾನು ಗಂಜಿ ಕಲಸುತ್ತಲೇ ಇದ್ದೆ. ‘ಯಾವ ಚೀಲ?’

‘ಯಾವ್ದಾ? ಅಟ್ಟದ ಮ್ಯಾಕೆ ಆಕಿದ್ದೀಯಲ್ಲ, ಅದು. ಇಲಿ ಬತ್ತಿ ತಿಂದಾಕ್ಬುಡ್ತವೆ.’

‘ಈಗ್ಯಾಕವ್ವಾ ಅದು?’

‘ಬಾಗೂರೋಳ್ಗೆ ಸೀಕಂತೆ ಕಣವ್ವಾ. ಮದ್ಯಾನ ಪೋನ್ ಬಂದಿತ್ತು. ಇವತ್ತೋ ನಾಳೆನೋ ಅನ್ನಂಗವ್ಳಂತೆ.’

ಬಾಗೂರಿನವಳೆಂದರೆ ಅವ್ವನ ಬಾಲ್ಯದ ಗೆಳತಿ. ಒಂದೇ ಊರಿನಲ್ಲಿ ಹುಟ್ಟಿ ಒಂದೇ ದಿನ ಚರ್ಚಿನಲ್ಲಿ ಮೊದಲ ಸಲ ಪ್ರಸಾದ ತೆಗೆದುಕೊಂಡವರು. ಅವರು ಚನ್ನರಾಯಪಟ್ಟಣದ ಆಚೆ ಬಾಗೂರಿಗೆ ಮದುವೆಯಾಗಿ ಹೋದರು. ನಾನು ಅವರನ್ನು ದೊಡ್ಡವ್ವ ಅನ್ನುತ್ತೇನೆ. ಇಬ್ಬರೂ ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ ಫೋನಿನಲ್ಲಿ ಒಂದು ಗಂಟೆ ಹರಟದಿದ್ದರೆ ಅವತ್ತು ಸೂರ್ಯ ಮುಳುಗುತ್ತಿರಲಿಲ್ಲ.

‘ನಾನಂತೂ ಓಗಕಾಗಕಿಲ್ಲ. ಇಲ್ಲಿಂದ್ಲೇ ಓದಾನ. ಕಣ್ಣು ಮಂಜು, ನೀನೇ ಓದು’ ಎಂದಳು ಅವ್ವ.

ಬೇರೆಯವರ ಸಾವು ಎಂದು ಕೇಳಿದ ಕೂಡಲೇ ನನ್ನ ಎದೆ ಹಗುರವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಚಿಕ್ಕಂದಿನಲ್ಲಿ ನನಗೆ ಜಡೆ ಹಾಕಿದ್ದ ದೊಡ್ಡವ್ವ ಸಾಯುತ್ತಿದ್ದಾರೆ ಎಂದರೆ ನನಗಾದದ್ದು ಸಮಾಧಾನ. ಅಟ್ಟ ಹತ್ತಿ ಚೀಲ ತಂದೆ. ಇಲಿ ಏನೂ ತಿಂದಿರಲಿಲ್ಲ.

ಅವ್ವ ದಿಂಬಿಗೆ ಒರಗಿ ಕೂತಳು. ಮರದ ಶಿಲುಬೆಯನ್ನು ಅಂಗೈಯಲ್ಲಿ ಇಟ್ಟುಕೊಂಡಳು. ನಾನು ಬತ್ತಿ ಹಚ್ಚಲು ಹೋದರೆ ಬೇಡ ಎಂದಳು. ‘ಬತ್ತಿ ಕಡೀಕೆ. ಅವ್ಳ್ಗಿನ್ನೂ ಟೈಮೈತೆ.’ ನಾನು ನೋಟ್‌ಬುಕ್ ತೆರೆದು ಓದಿದೆ. ಅವ್ವನ ದುಂಡು ಅಕ್ಷರ. ಅರ್ಧದಲ್ಲಿ, ಸಾಯುವವರ ಹೆಸರು ಹೇಳಬೇಕಾದ ಜಾಗದಲ್ಲಿ ಅವಳು ಅಕ್ಷರದ ಬದಲು ಕೆಂಪು ಇಂಕಿನಲ್ಲಿ ಸಣ್ಣ ಶಿಲುಬೆಯ ಗುರುತು ಹಾಕಿದ್ದಳು. ಅಲ್ಲಿಗೆ ಬಂದು ನಾನು ದೊಡ್ಡವ್ವನ ಹೆಸರು ಹೇಳಲು ಬಾಯಿ ತೆರೆದೆ. ಅವ್ವ ಕೈ ಎತ್ತಿದಳು.

‘ಎಸ್ರು ಬ್ಯಾಡ. ನಿನ್ನ ಮಗಳು ಅನ್ನು ಸಾಕು. ಯಾರು ಅಂತ ದೇವ್ರಿಗ್ ಗೊತ್ತು.’

ಹಾಗೆಯೇ ಓದಿದೆ. ಪ್ರತಿ ಸಾಲಿಗೂ ಅವ್ವ ಆಮೆನ್ ಎಂದಳು. ಗೆಳತಿಯ ಪರವಾಗಿ ಹೇಳುತ್ತಿದ್ದಾಳೆ ಎಂದುಕೊಂಡೆ.

ಮಾರನೆಯ ದಿನವೂ ಓದು ಎಂದಳು. ಅದರ ಮಾರನೆಯ ದಿನವೂ. ಸಂಜೆ ಐದೂವರೆಗೆ ನಾನು ಅಂಗಡಿಯಿಂದ ಬಂದು ಕೈಕಾಲು ತೊಳೆದು, ಗಂಜಿ ಕುಡಿಸಿ, ಗ್ಯಾಸ್ ಡಬ್ಬಿಯ ಮಾತ್ರೆ ಕೊಟ್ಟು, ಬಾಗೂರಿನ ದೊಡ್ಡವ್ವನಿಗೆ ಪ್ರಾರ್ಥನೆ ಓದುವುದು ಮನೆಯ ಕ್ರಮವಾಯಿತು. ಹಾಗೆ ಓದುವಾಗ ಮಾತ್ರ ನಾವಿಬ್ಬರೂ ಸಾವಿನ ಮಾತು ಆಡುತ್ತಿದ್ದೆವು. ಬೇರೆಯವರ ಸಾವಲ್ಲವೇ, ನನ್ನ ನಾಲಗೆಗೆ ತಡೆ ಇರಲಿಲ್ಲ.

ಒಂದು ದಿನ ನಾನು, ‘ದೊಡ್ಡವ್ವನ ಮಗನಿಗೆ ಫೋನ್ ಮಾಡಿ ವಿಚಾರಿಸ್ಲಾ?’ ಎಂದೆ.

‘ಬ್ಯಾಡ ಬ್ಯಾಡ. ಅವ್ಳ್ಗೆ ಮಕ್ಳು ಏಳಿಲ್ವಂತೆ. ಮುಚ್ಚಿಟ್ಟವ್ರೆ. ನೀನ್ ಪೋನ್ ಮಾಡಿ ಎಲ್ಲ ಕೆಡುಸ್ಬ್ಯಾಡ.’

ನಾನು ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. ‘ಪಾಪ, ಮಕ್ಕಳಾದ್ರೂ ಏನ್ ಮಾಡ್ತಾರೆ? ಹೆತ್ತವ್ವನ ಮುಖ ನೋಡ್ಕೊಂಡು ಹೇಗೆ ಹೇಳೋದು?’ ಎಂದೆ.

‘ಊಂ, ಅದೂ ನಿಜವೆ’ ಎಂದಳು ಅವ್ವ.

‘ದೊಡ್ಡವ್ವನಿಗೆ ಗೊತ್ತಾಗಿರಲ್ವೇನವ್ವಾ?’

‘ಗೊತ್ತಾಗ್ದೆ ಏನು? ಅವ್ಳೇನ್ ದಡ್ಡಿಯಾ? ಎಷ್ಟ್ ಜನುದ್ ನೋಡವ್ಳೆ. ಆ ಬಿಳೀ ಮಾತ್ರೆ ಕಂಡ್ರೇ ಗೊತ್ತಾಗ್ತದೆ.’

‘ಮತ್ತೆ ಯಾಕೆ ಕೇಳಲ್ಲ?’

ಅವ್ವ ಶಿಲುಬೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ‘ಕೇಳುದ್ರೆ ಮಕ್ಳು ಅಳ್ತವೆ. ಸಾಯೋದ್ ಕಷ್ಟ ಅಲ್ಲ ಕಣವ್ವಾ ಅವ್ಳ್ಗೆ. ಸ್ವಾಮಿ ತಾವ ಓಗದು, ಅದ್ಕೇನ್ ಎದ್ರಿಕೆ? ಇಲ್ಲಿರೋವು ಎಂಗಿರ್ತಾವೋ ಅಂತ ಕಷ್ಟ.’

ಈ ಮಾತು ಇಷ್ಟು ನೇರವಾಗಿ ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಬಿಳಿ ಮಾತ್ರೆ ಎಂದಾಗಲಾದರೂ ಇಳಿಯಬೇಕಿತ್ತು. ಇಪ್ಪತ್ತು ವರ್ಷ ಮಾತ್ರೆ ಮಾರಿದ ನನಗೆ, ಅದಕ್ಕೂ ಹೆಚ್ಚು ವರ್ಷ ಸಾಯುವವರ ಬಾಯಿಗೆ ಮಾತ್ರೆ ಹಾಕಿದವಳು ಅದನ್ನು ಗುರುತಿಸುತ್ತಾಳೆಂದು ಹೊಳೆಯಲಿಲ್ಲ. ಹೊಳೆಯಬಾರದೆಂದು ನಾನೇ ಎಲ್ಲೋ ಒಳಗೆ ಕದ ಹಾಕಿಕೊಂಡಿದ್ದೆನೋ ಏನೋ.

ಎರಡು ವಾರ ದಾಟಿತು. ಅವ್ವನ ಕಣ್ಣು ಹಳದಿಯಾಯಿತು. ಆಮೆನ್ ಹೇಳುವ ದನಿ ಸಣ್ಣದಾಯಿತು. ಒಂದು ಸಂಜೆ ಓದು ಮುಗಿದ ಮೇಲೆ, ‘ಬಾಗೂರಿಗೆ ಪಾದರ್ ಓಗಿದ್ರಂತಾ?’ ಎಂದು ಕೇಳಿದಳು.

‘ನನಗೇನ್ ಗೊತ್ತವ್ವಾ?’

‘ಅಲ್ಲ, ಮಕ್ಳು ಕರೆಸಿದ್ರೆ ಚೆನ್ನಾಗಿತ್ತು. ಗ್ಯಾನ ಇರೋವಾಗ್ಲೇ ಎಲ್ಲ ಏಳ್ಕಂಡ್ಬುಟ್ರೆ ಅಗುರಾಗ್ತದೆ.’

‘ಕರೆಸ್ತಾರೆ ಬಿಡು’ ಎಂದು ಗಂಜಿಯ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ.

ಆ ವಾರ ಫಾದರ್ ಮತ್ತೆ ಫೋನ್ ಮಾಡಿದರು. ‘ಗುರುವಾರ ನಿಮ್ಮ ಬೀದಿಯಲ್ಲೇ ಇನ್ನೊಂದು ಮನೆಗೆ ಬರ್ತಿದ್ದೇನೆ. ಹಾಗೇ ಬಂದು ಹೋಗಲೇ?’ ಎಂದರು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ನಾನು ರಸ್ತೆಗೆ ಬಂದು, ‘ಮುಂದಿನ ವಾರ ಫಾದರ್. ದಯವಿಟ್ಟು. ಅವರು ಹೆದರ್ತಾರೆ’ ಎಂದೆ. ಹೇಳಿದ ಮೇಲೆ ಅರಕಲಗೂಡಿನ ಆ ಮಗ ನೆನಪಾದ. ಒಳಗೆ ಹೋಗಿ ಯಾರಿಗೋ ಜ್ವರದ ಮಾತ್ರೆ ಕತ್ತರಿಸಿ ಕೊಟ್ಟೆ.

ಅವ್ವ ಹೋದದ್ದು ಶನಿವಾರ ಬೆಳಗ್ಗೆ ಹನ್ನೊಂದಕ್ಕೆ. ನಾನು ಅಂಗಡಿಯಲ್ಲಿದ್ದೆ. ಎರಡು ಗಂಟೆ ಮಟ್ಟಿಗೆ ಮಾತ್ರ ಹೋಗಿದ್ದೆ. ಪಕ್ಕದ ಮನೆಯ ಗೌಡರ ಹೆಂಡತಿ ಜೊತೆಗಿದ್ದರು. ಅವರ ಫೋನ್ ಬಂದು ನಾನು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವ್ವನ ಬಲಗೈಯಲ್ಲಿ ಮರದ ಶಿಲುಬೆ ಇತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ದಪ್ಪ ಬತ್ತಿ ಉರಿಯುತ್ತಿತ್ತು.

‘ನಂಗೇನ್ ಗೊತ್ತವ್ವಾ ನಿಮ್ ಪದ್ದತಿ?’ ಎಂದು ಆಕೆ ಅಳುತ್ತಾ ಹೇಳಿದರು. ‘ಚೀಲದ್ ಕಡೆ ಕೈ ತೋರುಸುದ್ರು, ತಂದ್ಕೊಟ್ಟೆ. ಬತ್ತಿ ಅಚ್ಚು ಅಂದ್ರು, ಅಚ್ದೆ. ಕೈ ಇಡ್ಕ ಅಂದ್ರು, ಇಡ್ಕಂಡೆ. ಬಾಯಲ್ಲೇ ಏನೋ ಏಳ್ಕತಿದ್ರು. ಅಂಗೇ ಒಂಟೋದ್ರು.’

ಊರೂರು ತಿರುಗಿ ಸಾಯುವವರ ಕೈ ಹಿಡಿದವಳಿಗೆ ಕಡೇ ಗಳಿಗೆಯಲ್ಲಿ ಹೆತ್ತ ಮಗಳ ಕೈ ಸಿಗಲಿಲ್ಲ. ಪಕ್ಕದ ಮನೆಯವರ ಕೈ ಸಿಕ್ಕಿತು. ಆಕೆಗೆ ನಾನು ಇವತ್ತಿಗೂ ಸರಿಯಾಗಿ ಕೃತಜ್ಞತೆ ಹೇಳಿಲ್ಲ. ಹೇಳಲು ಹೋದರೆ ಹೊಟ್ಟೆಕಿಚ್ಚೂ ಜೊತೆಗೇ ಬರುತ್ತದೆ.

ಫಾದರ್ ಮುಕ್ಕಾಲು ಗಂಟೆಯಲ್ಲಿ ಬಂದರು. ಮಂಚದ ಹತ್ತಿರ ನಿಂತಾಗ ಅವರ ಕೈ ಜುಬ್ಬದ ಜೇಬಿಗೆ ಹೋಯಿತು. ಎಣ್ಣೆಯ ಸಣ್ಣ ಡಬ್ಬಿ ಇರುವುದು ಅಲ್ಲಿ. ಸತ್ತವರಿಗೆ ಅದನ್ನು ಹಚ್ಚುವುದಿಲ್ಲ. ಕೈ ಬರಿದಾಗಿಯೇ ಹೊರಗೆ ಬಂತು. ಅದನ್ನು ನಾನು ನೋಡಿದೆ, ನಾನು ನೋಡಿದ್ದನ್ನು ಅವರೂ ನೋಡಿದರು.

‘ನನ್ನಿಂದ ಆಯ್ತು ಫಾದರ್’ ಎಂದೆ.

‘ದೇವರು ಬಾಗಿಲಲ್ಲಿ ನಿಂತು ಟಿಕೆಟ್ ಕೇಳೋ ಕಂಡಕ್ಟರ್ ಅಲ್ಲಮ್ಮಾ’ ಎಂದರು. ‘ನಿಮ್ಮ ತಾಯಿ ಯಾರು ಅಂತ ಅವನಿಗೆ ಗೊತ್ತಿಲ್ವಾ?’

ಒಳ್ಳೆಯ ಮಾತು. ಅವ್ವನ ಬಗ್ಗೆ ನನಗೂ ಚಿಂತೆ ಇರಲಿಲ್ಲ. ಆದರೆ ಅವಳು ಬಯಸಿದ್ದು ಸ್ವರ್ಗದ ಬಾಗಿಲಿಗೆ ಬೇಕಾದ ಚೀಟಿಯಲ್ಲ. ನೆಟ್ಟಗೆ ಕೂತು, ಪಾಪ ಹೇಳಿಕೊಂಡು, ಕ್ಷಮೆ ಕೇಳಿಸಿಕೊಂಡು, ತಣ್ಣಗೆ ಹೋಗುವ ಒಂದು ಗಂಟೆ ಅವಳಿಗೆ ಬೇಕಿತ್ತು. ಸಾಯುವ ಪ್ರತಿಯೊಬ್ಬರಿಗೂ ಅದು ಸಿಗಲೆಂದು ಆಯಸ್ಸಿಡೀ ಬಸ್ಸು ಹತ್ತಿದವಳು. ಅದನ್ನೇ ನಾನು ತಪ್ಪಿಸಿದ್ದೆ. ಬಂದವರೆಲ್ಲ ‘ಅಳಬೇಡ, ಅವರು ದೇವರ ಸನ್ನಿಧಿಯಲ್ಲಿದ್ದಾರೆ’ ಎನ್ನುತ್ತಿದ್ದರು. ನನ್ನ ಅಳು ಅವಳು ಎಲ್ಲಿದ್ದಾಳೆಂದಲ್ಲ, ನಾನು ಏನು ಮಾಡಿದೆನೆಂದು. ಅದನ್ನು ಯಾರಿಗೂ ಬಿಡಿಸಿ ಹೇಳಲಾಗಲಿಲ್ಲ.

ಮಣ್ಣು ಮಾಡುವುದು ಭಾನುವಾರ ಮಧ್ಯಾಹ್ನ ಮೂರಕ್ಕೆ ಎಂದು ನಿಶ್ಚಯವಾಯಿತು. ತಮ್ಮ ಸಂಸಾರ ಸಮೇತ ಬಂದಿದ್ದ. ಹನ್ನೆರಡರ ಹೊತ್ತಿಗೆ ನಡುಮನೆಯಲ್ಲಿ ಪೆಟ್ಟಿಗೆಯ ಪಕ್ಕ ಕೂತಿದ್ದೆ. ಬಾಗಿಲ ಬಳಿ ಜನ ದಾರಿ ಬಿಟ್ಟರು. ಹಸಿರು ಸೀರೆ ಉಟ್ಟು, ಬಾಳೆಲೆಯಲ್ಲಿ ಸುತ್ತಿದ ಸೇವಂತಿಗೆ ಹಾರ ಹಿಡಿದುಕೊಂಡು ಒಳಗೆ ಬಂದದ್ದು ಬಾಗೂರಿನ ದೊಡ್ಡವ್ವ.

ಎರಡು ಬಸ್ಸು ಬದಲಾಯಿಸಿ, ಸ್ಟ್ಯಾಂಡಿನಿಂದ ನಡೆದು ಬಂದಿದ್ದರು. ಸ್ವಲ್ಪ ಏದುಸಿರು ಇದ್ದದ್ದು ಬಿಟ್ಟರೆ ಕಲ್ಲುಗುಂಡಿನಂತೆ ಇದ್ದರು. ಹಾರವನ್ನು ಅವ್ವನ ಪಾದದ ಹತ್ತಿರ ಇಟ್ಟು, ಹಣೆ ಮುಟ್ಟಿ, ತಮ್ಮ ಹಣೆಯಿಂದ ಎದೆಗೆ ಶಿಲುಬೆಯ ಗುರುತು ಮಾಡಿಕೊಂಡರು.

‘ದೊಡ್ಡವ್ವಾ’ ಎಂದೆ. ‘ನಿಮ್ಗೆ... ನಿಮ್ಗೆ ಸೀಕಾಗಿತ್ತಲ್ಲ?’

‘ನಂಗೆಂತ ಸೀಕು ಕಣ್ಮಗಾ? ಮಂಡಿನೋವೊಂದ್ ಬುಟ್ರೆ.’

ನನಗೆ ದುಃಖಕ್ಕಿಂತ ಮೊದಲು ಕೋಪ ಬಂತು. ಎದ್ದು ನಿಂತು, ‘ಹತ್ತೊಂಬತ್ತು ದಿನ ಓದಿದ್ದೀನಿ ನಿಮಗೋಸ್ಕರ! ಹತ್ತೊಂಬತ್ತು ದಿನ!’ ಎಂದು ಅರಚಿದೆ. ಮನೆಯೆಲ್ಲ ತಿರುಗಿ ನೋಡಿತು. ದೊಡ್ಡವ್ವ ನನ್ನ ತೋಳು ಹಿಡಿದು ಅಡಿಗೆಮನೆಗೆ ಕರೆದುಕೊಂಡು ಹೋಗಿ, ಒಲೆ ಕಟ್ಟೆಯ ಪಕ್ಕ ಕೂರಿಸಿದರು.

‘ನಂಗೋಸ್ಕರ ಅಲ್ಲ ಕಣವ್ವಾ. ನಿಮ್ಮವ್ವ ನನ್ ಎಸ್ರು ಇಸ್ಕಂಡಿದ್ಲು. ಒಂದಿನ ಪೋನ್ ಮಾಡಿ, ಲೇ, ಒಸಿ ದಿನ ನೀನ್ ಮಲಿಕ್ಕೊಂಡಂಗೆ ಇರು, ನಾನ್ ನಿನ್ ಎಸ್ರೇಳಿ ಮಗಳ ಕೈಲಿ ಪ್ರಾರ್ಥ್ನೆ ಓದುಸ್ಕತೀನಿ ಅಂದ್ಲು. ನಿಂಗೇನ್ ಬುದ್ಧಿ ಐತಾ, ಮಗಳ್ಗೆ ನೆಟ್ಟಗೇ ಏಳು ಅಂದೆ ನಾನು. ಇಲ್ಲ ಕಣೆ, ಅವ್ಳು ತಡ್ಕಳಕಿಲ್ಲ, ನಿನ್ ಎಸ್ರಲ್ಲಾದ್ರೂ ಬಾಯಿ ಬುಡ್ಲಿ, ಓದ್ತಾ ಓದ್ತಾ ಎದ್ರಿಕೆ ಓಗ್ತದೆ ಅಂದ್ಲು.’

ಕೈ ಎತ್ತಿ ಹೆಸರು ಬೇಡ ಎಂದದ್ದು, ಬಿಳಿ ಮಾತ್ರೆ, ಒಂದೊಂದು ಸಾಲಿಗೂ ಆಮೆನ್ ಎಂದದ್ದು, ಎಲ್ಲ ಒಂದರ ಹಿಂದೆ ಒಂದು ಬಂದವು. ಗೆಳತಿಯ ಪರವಾಗಿ ಹೇಳಿದ ಆಮೆನ್ ಅಲ್ಲ ಅದು. ಮಲಗಿರುವವರು ಹೇಳಬೇಕಾದ ಆಮೆನ್ ಅನ್ನು ಮಲಗಿದ್ದವಳೇ ಹೇಳಿದ್ದಳು. ನನ್ನ ಬಾಯಿಂದಲೇ ತನ್ನ ಸಾವಿನ ಪ್ರಾರ್ಥನೆ ಓದಿಸಿಕೊಂಡು, ನನ್ನ ಸುಳ್ಳಿಗೆ ಒಂದು ಗೀರೂ ಬೀಳದ ಹಾಗೆ ನೋಡಿಕೊಂಡಿದ್ದಳು.

ಒಂದು ಪ್ರಶ್ನೆ ಉಳಿದಿತ್ತು. ಕೇಳದೆ ಇರಲು ನೋಡಿದೆ, ಆಗಲಿಲ್ಲ.

‘ಫಾದರ್ ಬರಲಿಲ್ಲ ಅಂತ ನಿಮ್ಮ ಹತ್ರ ಏನಾದ್ರೂ ಅಂದಿದ್ಲಾ ದೊಡ್ಡವ್ವಾ?’

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ‘ಸುಳ್ಳೇಳ್ಲಾ, ನಿಜ ಏಳ್ಲಾ?’

‘ನಿಜ.’

‘ಅಂದಿದ್ಲು. ಸುಕ್ರವಾರಾನೂ ಪೋನ್ ಮಾಡಿದ್ಲು. ಎಣ್ಣೆ ಒಂದು ಆಗ್ಬುಟ್ಟಿದ್ರೆ ನಿಂಬಳ ಕಣೆ ಅಂದ್ಲು. ನೀನೇ ಕರೆಸ್ಕಳ್ಳಕೇನು ಅಂದೆ. ನಾನ್ ಕರೆಸುದ್ರೆ ಮಗಳ ಸುಳ್ಳು ಬೀದೀಗ್ ಬೀಳ್ತದೆ, ಅವ್ಳೇ ತಾನಾಗಿ ಕರೀಲಿ ಅಂತ ಕಾಯ್ತಿವ್ನಿ ಅಂದ್ಲು.’

ಕಾಯುತ್ತಿದ್ದಳು. ಗುರುವಾರ ಫಾದರ್ ನಮ್ಮ ಬೀದಿಗೆ ಬಂದಿದ್ದರು. ಅವ್ವನ ಮಂಚದ ಪಕ್ಕದ ಕಿಟಕಿಯಿಂದ ಬೀದಿಯಲ್ಲಿ ನಿಂತ ಅವರ ಸ್ಕೂಟರ್ ಕಾಣುತ್ತದೆ.

ನಾನು ಒಲೆ ಕಟ್ಟೆಗೆ ತಲೆ ಇಟ್ಟು ಅತ್ತೆ. ದೊಡ್ಡವ್ವ ನನ್ನನ್ನು ಅಳಬೇಡ ಎನ್ನಲಿಲ್ಲ. ದೇವರ ಸನ್ನಿಧಿಯ ಮಾತನ್ನೂ ಆಡಲಿಲ್ಲ. ಸಾಕಷ್ಟು ಹೊತ್ತಾದ ಮೇಲೆ ಎದ್ದು ಹೋಗಿ ಖಾಕಿ ಚೀಲದಿಂದ ನೋಟ್‌ಬುಕ್ ತಂದು ನನ್ನ ಕೈಗೆ ಕೊಟ್ಟರು.

‘ಮುಚ್ಚಳ ಆಕಕೆ ಮುಂಚೆ ಇನ್ನೊಂದ್ ಸಲ ಓದು. 
ಈ ಸಲ ಎಸ್ರು ಏಳಿ ಓದು.’

ಪೆಟ್ಟಿಗೆಯ ಪಕ್ಕ ಮೊಣಕಾಲೂರಿದೆ. ಹತ್ತೊಂಬತ್ತು ದಿನ ಓದಿ ಬಾಯಿಗೆ ಬಂದಿದ್ದ ಪ್ರಾರ್ಥನೆ ಎಡವದೆ ಸಾಗಿತು. ಕೆಂಪು ಗುರುತಿನ ಹತ್ತಿರ ಬಂದು ನಿಂತಿತು. ತಮ್ಮ ನನ್ನ ಭುಜದ ಮೇಲೆ ಕೈ ಇಟ್ಟ. ನಾನು ಅವ್ವನ ಹೆಸರು ಹೇಳಿದೆ. ನಡುಮನೆಯಲ್ಲಿ ನಿಂತಿದ್ದವರೆಲ್ಲ ಆಮೆನ್ ಎಂದರು, ದೊಡ್ಡವ್ವ ಎಲ್ಲರಿಗಿಂತ ಗಟ್ಟಿಯಾಗಿ ಎಂದರು. ನಾನು ಅಭ್ಯಾಸದಂತೆ ಅವ್ವನ ಬಾಯಿಯನ್ನೇ ನೋಡುತ್ತಾ ಇನ್ನೊಂದು ಆಮೆನ್‌ಗಾಗಿ ಕಾದೆ.